ಚರ್ಮದಿಂದ ಮೊಟ್ಟೆ ಬಂತಂತೆ, ಮಗು ಬೇಡವಂತೆ!

ತಟ್ಟೆಯಲ್ಲಿನ ಕೇಸರಿಬಾತು ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಆ ಮನೆಗೆ ಬರಬೇಕಿದ್ದ ಮಗು ಬಾರದಂತಾಯಿತು. ನನ್ನ ಕಣ್ಣೆದುರಿಗೇ!

ಹೋದ ಶನಿವಾರದ ಮಾತು. ಗ್ರೇಟರ್ ನೋಯ್ಡಾದಲ್ಲಿ ನಮ್ಮ ಎದುರು ಫ್ಲ್ಯಾಟಿನವರು ವಿಜಯಾ, ಪ್ರಶಾಂತ. ಅವನಿಗೆ ಸೆಂಟ್ರಲ್ ಗವರ್ನಮೆಂಟ್ ನೌಕರಿ, ಅವಳು ಸ್ಕೂಲ್ ಟೀಚರ್. ಮೂವತ್ತು ದಾಟುತ್ತಲೇ ವಿಜಯಾಗೆ ಮುಟ್ಟು ನಿಂತಿತು. ಅಂಡಾಣುಗಳೇ ಉಳಿದಿಲ್ಲ ಎಂದರು ಡಾಕ್ಟರು. ಆದರೂ ಗುರುಗ್ರಾಮದ ಕ್ಲಿನಿಕ್ಕಿಗೆ ಅಲೆದಳು, ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡಳು, ಅತ್ತಳು. ಕೊನೆಗೆ "ಸಾಕು, ದತ್ತು ತಗೊಳ್ಳೋಣ" ಎಂದಳು. ಗಂಡ ಹೂಂ ಎಂದ. ಅತ್ತೆ ಸರೋಜಮ್ಮ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ದತ್ತು ಕೊಡುವ ಮುಂಚೆ ಸೋಷಿಯಲ್ ವರ್ಕರ್ ಮನೆ ನೋಡಲು ಬರುತ್ತಾರೆ. "ಅಕ್ಕಾ, ನೀವೂ ಇರಿ. ನನಗೆ ಕೈಕಾಲೇ ಆಡ್ತಿಲ್ಲ" ಎಂದು ವಿಜಯಾ ನನ್ನನ್ನು ಎಳೆದುಕೊಂಡು ಹೋದಳು. ಸ್ಟೋರ್ ರೂಮು ಖಾಲಿ ಮಾಡಿ ಹಳದಿ ಬಣ್ಣ ಹೊಡೆಸಿದ್ದಳು. ಬಾಲ್ಕನಿಗೆ ಹೊಸ ಗ್ರಿಲ್ ಬೇರೆ. ಬಂದ ಹುಡುಗಿ ಎಲ್ಲ ನೋಡಿ ಖುಷಿಪಟ್ಟಳು. ಕೇಸರಿಬಾತಿನ ತಟ್ಟೆ ಕೈಗೆ ತೆಗೆದುಕೊಂಡು ಕೊನೆಯದಾಗಿ ಒಂದು ಪ್ರಶ್ನೆ ಕೇಳಿದಳು. "ಘರ್ ಮೇ ಸಬ್ ರಾಜಿ ಹೈಂ ನಾ?"

ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ತಾನೆ?

ಸರೋಜಮ್ಮ ಮೊಬೈಲು ಹಿಡಿದು ಎದ್ದರು. "ಬೇಟಿ, ಅಬ್ ಜರೂರತ್ ನಹೀಂ. ಈಗ ಚರ್ಮದಿಂದಲೇ ಅಂಡಾ ಬನಾತೇ ಹೈಂ!"

ಇನ್ನು ದತ್ತು ಬೇಕಿಲ್ಲವಂತೆ, ಚರ್ಮದಿಂದಲೇ ಮೊಟ್ಟೆ ಮಾಡುತ್ತಾರಂತೆ! ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಯಾರೋ ಪುಣ್ಯಾತ್ಮರು ಈ ಸುದ್ದಿ ಫಾರ್ವರ್ಡ್ ಮಾಡಿದ್ದರಂತೆ. (ಕೇಕಿನಲ್ಲಿ ಮೊಟ್ಟೆ ಇದೆಯಾ ಎಂದು ಬೇಕರಿ ಭಯ್ಯಾನ ಪ್ರಾಣ ತಿನ್ನುವ ಹೆಂಗಸು ಇವರು!)

ಸುದ್ದಿ ಪೂರ್ತಿ ಸುಳ್ಳೇನಲ್ಲ. ಮೈಯ ಸಾಮಾನ್ಯ ಜೀವಕೋಶದಿಂದ ಅಂಡಾಣು ಮಾಡುವ ಪ್ರಯತ್ನ ನಡೆದಿದೆ. ಇಲಿಗಳಲ್ಲಿ ಮರಿಗಳೂ ಹುಟ್ಟಿವೆ. ಮನುಷ್ಯರ ಮಟ್ಟಿಗೆ ಅದಿನ್ನೂ ಲ್ಯಾಬಿನ ಹೊಸ್ತಿಲು ದಾಟಿಲ್ಲ. ಅದನ್ನೇ ಹೇಳಿದೆ.

"ಆಗುತ್ತೆ ಬಿಡಿ, ಕಾಯೋಣ" ಎಂದರು ಸರೋಜಮ್ಮ. "ಆದ್ರೆ ಇವಳ ಚರ್ಮ ಬೇಡಪ್ಪ. ಇವಳ ಮೈಯಲ್ಲೇ ದೋಷ. ನಮ್ಮ ಸಹನಾದು ತಗೊಳ್ಳಲಿ. ನಮ್ಮನೆ ರಕ್ತಾನೇ ಆಗುತ್ತಲ್ಲ!"

ಸಹನಾ ಯಾರು ಗೊತ್ತೇ? ಪ್ರಶಾಂತನ ಒಡಹುಟ್ಟಿದ ತಂಗಿ!

ಅಣ್ಣ ಅಪ್ಪನಾಗಬೇಕು, ತಂಗಿಯ ಅಂಡಾಣು ಬೇಕು! ಒಂದೇ ಗೋತ್ರ ಎಂಬ ಕಾರಣಕ್ಕೆ ಇದೇ ಸಹನಾಗೆ ಬಂದಿದ್ದ ಚಿನ್ನದಂಥ ಸಂಬಂಧವನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದವರು ಇದೇ ಸರೋಜಮ್ಮ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ಮೈಯೆಲ್ಲ ಉರಿಯಿತು.

ಯಾಕೆ ಉರಿಯಬಾರದು ಹೇಳಿ? ಸ್ಕ್ಯಾನಿಂಗ್ ಬಂತು, ಹೊಟ್ಟೆಯಲ್ಲಿರುವುದು ಹೆಣ್ಣಾ ಎಂದು ಹುಡುಕಿದೆವು. ಐವಿಎಫ್ ಬಂತು, "ಇನ್ನೊಂದೇ ಒಂದು ಸಲ" ಎಂದು ಸೊಸೆಯನ್ನು ಆಸ್ಪತ್ರೆಯ ಮೇಜಿನ ಮೇಲೆ ಮತ್ತೆ ಮತ್ತೆ ಮಲಗಿಸಿದೆವು. ಈಗ ಇದೊಂದು. ಜಗತ್ತಿನಲ್ಲಿ ಎಲ್ಲಿ ಏನು ಕಂಡುಹಿಡಿದರೂ ನಮ್ಮ ಮನೆಗಳಿಗೆ ಬರುವಷ್ಟರಲ್ಲಿ ಅದು ಸೊಸೆಯನ್ನು ಬಡಿಯುವ ದೊಣ್ಣೆಯೇ ಆಗಬೇಕಾ? ಅಪ್ಪ-ಅಮ್ಮ ಇಲ್ಲದೆ ಎಲ್ಲೋ ಒಂದು ಮಗು ಕಾಯುತ್ತಿದೆ. ಅದು ಬೇಡ. ಇನ್ನೂ ಹುಟ್ಟಿಯೇ ಇಲ್ಲದ ಮೊಟ್ಟೆಗೆ ಮಾತ್ರ ವಂಶದ ಪಟ್ಟ!

ಸೋಷಿಯಲ್ ವರ್ಕರ್ ಹುಡುಗಿ ತಟ್ಟೆ ಕೆಳಗಿಟ್ಟು ಪ್ರಶಾಂತನ ಮುಖ ನೋಡಿದಳು. ವಿಜಯಾ ನೋಡಿದಳು. ನಾನೂ ನೋಡಿದೆ. ಅವನು ಕೇಸರಿಬಾತಿನಲ್ಲಿ ಗೋಡಂಬಿ ಹುಡುಕುತ್ತಿದ್ದ.

"ನೀವೆಲ್ಲ ಮೊದಲು ಕೂತು ಮಾತಾಡಿಕೊಳ್ಳಿ" ಎಂದು ಹಿಂದಿಯಲ್ಲೇ ಮೆತ್ತಗೆ ಹೇಳಿ ಆ ಹುಡುಗಿ ಬ್ಯಾಗು ಮುಚ್ಚಿದಳು. ವಿಜಯಾ ಹಳದಿ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಲಿಫ್ಟಿನ ಹತ್ತಿರ ಪ್ರಶಾಂತನನ್ನು ಹಿಡಿದು ನಿಲ್ಲಿಸಿದೆ. "ನಮಗೆ ಒಪ್ಪಿಗೆ ಇದೆ ಅಂತ ಒಂದೇ ಒಂದು ಮಾತು ಆಡೋಕೆ ನಿನಗೇನಾಗಿತ್ತೋ?"

"ಅಮ್ಮನ ಎದುರಿಗೆ ಹೆಂಗೆ ಹೇಳಲಿ ಅಕ್ಕಾ?" ಎಂದ.

ಚರ್ಮದಿಂದ ಮೊಟ್ಟೆ ಮಾಡಲು ಹೊರಟ ಮಹಾನುಭಾವರೇ, ಅದಕ್ಕೂ ಮೊದಲು ಇಂಥ ಗಂಡಂದಿರಿಗೆ ಒಂದೊಂದು ನಾಲಿಗೆ ಮಾಡಿಕೊಡುತ್ತೀರಾ?