ಹಣೆಯ ವಿಭೂತಿ, ತಳದ ನೀರು

ಅರವತ್ತರ ದಶಕದ ಕೊನೆಗೆ ಕಾರವಾರದ ಬಸ್ಸಿನ ಕಂಡಕ್ಟರುಗಳಿಗೆಲ್ಲ ರತ್ನವ್ವ ಗೊತ್ತು. ಕಾಲ ಬಳಿ ಬಾಟಲಿಗಳ ಪೆಟ್ಟಿಗೆ, ಮಡಿಲಲ್ಲಿ ಬುತ್ತಿಯ ಗಂಟು, ಹಣೆ ಮಾತ್ರ ಖಾಲಿ. 'ಸಮುದ್ರದ ಅಕ್ಕಾರು ಬಂದ್ರು, ಮುಂದಿನ ಸೀಟ ಬಿಡ್ರಿ' ಎಂದು ಜಾಗ ಮಾಡಿಕೊಡುತ್ತಿದ್ದರು. ಎರೆಮಣ್ಣಿನ ನಾಡಿನ ಹೆಣ್ಣುಮಗಳು ಕಡಲ ನೀರಿನ ಬಗ್ಗೆ ಬರೆದದ್ದನ್ನು ಓದಿದವರು ಒಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ: ಪ್ರತಿ ವರ್ಷದ ಲೆಕ್ಕದಲ್ಲೂ ಮಳೆಗಾಲದ ತಿಂಗಳು ಯಾಕೆ ಬಿಟ್ಟಿದ್ದೀರಿ? 'ಆವಾಗ ದೋಣಿ ಹೋಗೂದಿಲ್ಲರೀ, ಅದಕ್ಕ' ಎನ್ನುತ್ತಿದ್ದಳು. ಅಷ್ಟು ಸಣ್ಣ ಮಾತನ್ನು ಕಲಿಯಲು ಅವಳು ತೆತ್ತದ್ದೇನು ಎಂದು ಕೇಳಿದವರಿಗೆ ಗೊತ್ತಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ. ದೊಡ್ಡವರ ಹೆಸರಿಗೆ ಅಷ್ಟು ಬಲ.

ರತ್ನವ್ವ ಹುಬ್ಬಳ್ಳಿಯ ಅರಳೆ ವ್ಯಾಪಾರಿ ಬಸಣ್ಣನ ಒಬ್ಬಳೇ ಮಗಳು. ೧೯೫೮ರಲ್ಲಿ ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದಾಗ ಬಸಣ್ಣ ಮಗಳಿಗೆ ವರ ನೋಡಲು ಹೊರಟಿದ್ದ. ಅದನ್ನು ತಡೆದವರು ಅವಳ ಗುರುಗಳು, ನೀಲಕಂಠಪ್ಪ ಸರ್. ಧಾರವಾಡದ ಒಂದು ಕಾಲೇಜಿನಲ್ಲಿ ಪ್ರೊಫೆಸರು. ಬಿಳಿ ಧೋತರ, ಕರಿ ಕೋಟು, ಮಾತು ಮಾತ್ರ ಸಕ್ಕರೆ. ಒಂದು ಸಂಜೆ ಹುಬ್ಬಳ್ಳಿಗೆ ಬಂದು ಬಸಣ್ಣನ ಗಾದಿಯ ಮೇಲೆ ಕೂತರು.

'ಬಸಣ್ಣಾರ, ಸುಳ್ಳ ಊರಾಗಿನ ನಿಮ್ಮ ಹೊಲಕ್ಕ ತಿಪ್ಪಿಗೊಬ್ಬರ ಹಾಕ್ತೀರಿ. ಸಮುದ್ರಕ್ಕ ಯಾರು ಹಾಕ್ತಾರ ಹೇಳ್ರಿ?'

ಬಸಣ್ಣನಿಗೆ ಇಂಥ ಪ್ರಶ್ನೆ ಜನ್ಮದಲ್ಲಿ ಹೊಳೆದಿರಲಿಲ್ಲ. ಸರ್ ತಾವೇ ಉತ್ತರ ಹೇಳಿದರು. ಕಡಲಲ್ಲಿ ಸತ್ತದ್ದೆಲ್ಲ ತಳಕ್ಕೆ ಇಳಿದು ಕೊಳೆಯುತ್ತದೆ. ಕೊಳೆತದ್ದು ನೀರಿನಲ್ಲಿ ಕರಗಿ ಗೊಬ್ಬರದ ಸಾರವಾಗುತ್ತದೆ. ಆ ಸಾರ ಮೇಲೆ ಬಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಅದನ್ನು ಉಂಡು ಬೆಳೆಯುತ್ತವೆ, ಅವನ್ನು ಮೀನು ತಿನ್ನುತ್ತದೆ, ಮೀನು ಸತ್ತು ಮತ್ತೆ ತಳಕ್ಕೆ. ಈ ಗಾಣ ಕಾರವಾರದ ದಂಡೆಯಲ್ಲಿ ಯಾವ ತಿಂಗಳು ಹೇಗೆ ತಿರುಗುತ್ತದೆ ಎನ್ನುವುದನ್ನು ಯಾರೂ ಸರಿಯಾಗಿ ಅಳೆದಿಲ್ಲ. 'ನಿಮ್ಮ ಮಗಳು ಅಳೀತಾಳ್ರಿ. ಅಕಿ ಕೈ ಅಷ್ಟು ಸ್ವಚ್ಛ ಐತಿ.'

'ಹೆಣ್ಣಹುಡುಗಿ ದೋಣ್ಯಾಗ ಕುಂತು ಸಮುದ್ರಕ್ಕ ಹೋಗೂದೇನ್ರಿ?' ಎಂದ ಬಸಣ್ಣ.

'ನಿಮ್ಮ ಮಗಳನ್ನ ಸಮುದ್ರಕ್ಕ ಕಳಸಬ್ಯಾಡ್ರಿ. ಸಮುದ್ರಾನ ನಾನು ನಿಮ್ಮ ಮಗಳ ಕಡೆ ತರ್ತೇನಿ.'

ಬಾಗಿಲ ಹಿಂದೆ ನಿಂತಿದ್ದ ರತ್ನವ್ವನ ಕಣ್ಣು ತುಂಬಿದವು. ಹಡೆದ ತಂದೆಯೇ ಕೈಬಿಟ್ಟ ಹೊತ್ತಿನಲ್ಲಿ ಯಾರೋ ತನಗಾಗಿ ಕಡಲನ್ನೇ ಹೊತ್ತು ತರುತ್ತೇನೆ ಎಂದರೆ, ಅಂಥವರ ಕಾಲಿಗೆ ಬೀಳದೆ ಏನು ಮಾಡುತ್ತಾಳೆ?

ಅಂದಿನಿಂದ ತಿಂಗಳಿಗೆರಡು ಸಲ ಸರ್ ಕಾರವಾರಕ್ಕೆ ಹೋಗುವರು. ದೋಣಿಯಲ್ಲಿ ದಂಡೆಯಿಂದ ದೂರ ಸಾಗಿ, ಮೇಲಿನ ನೀರು, ನಡುವಿನ ನೀರು, ತಳದ ನೀರು ಎಂದು ಮೂರು ಬಗೆಯ ಬಾಟಲಿ ತುಂಬಿ, ಕೊಳೆಯದಂತೆ ಒಂದೆರಡು ಹನಿ ಕ್ಲೋರೋಫಾರ್ಮ್ ಹಾಕಿ, ಕಟ್ಟಿಗೆಯ ಹೊಟ್ಟಿನಲ್ಲಿ ಹುಗಿದು, ಯಲ್ಲಾಪುರದ ಘಟ್ಟ ಹತ್ತಿಸಿ ತರುವರು. ರತ್ನವ್ವ ಆ ನೀರಿಗೆ ಔಷಧ ಬೆರೆಸಿ ಕಾಯುವಳು. ನೀರು ಮೆಲ್ಲಗೆ ನೀಲಿಗೆ ತಿರುಗುವುದು. ನೀಲಿ ಗಾಢವಾದಷ್ಟೂ ಅದರಲ್ಲಿ ಫಾಸ್ಫೇಟು, ಅಂದರೆ ಆ ಗೊಬ್ಬರದ ಸಾರ, ಹೆಚ್ಚು ಎಂದು ಅರ್ಥ.

ಈ ನೀಲಿಗೆ ಒಬ್ಬ ವೈರಿ ಇದ್ದ: ಬೂದಿ. ಸಗಣಿಯ ಬೂದಿಯಲ್ಲಿ ಫಾಸ್ಫೇಟು ತುಂಬಿದೆ, ಒಂದು ಕಣ ಬಿದ್ದರೂ ಇಡೀ ಲೆಕ್ಕ ಕೆಡುತ್ತದೆ. ರತ್ನವ್ವನ ಮನೆಯೋ ಶಿವಭಕ್ತರ ಮನೆ. ಮುಂಜಾನೆ ಪೂಜೆ ಮುಗಿಸಿ ತಾಯಿ ಮುರಿಗೆವ್ವ ತನ್ನ ಕೈಯಾರೆ ಮಗಳ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯದೆ ಹೊಸ್ತಿಲು ದಾಟಿಸುತ್ತಿರಲಿಲ್ಲ. 'ಬ್ಯಾಡವ್ವಾ' ಎಂದರೆ ಆ ಜೀವ ಕಂಗೆಟ್ಟು ಹೋದೀತು. ಅದಕ್ಕೆ ರತ್ನವ್ವ ಒಂದು ದಾರಿ ಹುಡುಕಿಕೊಂಡಳು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ವಿಭೂತಿ ಹಚ್ಚಿಕೊಂಡೇ ಬರುವಳು. ಕಾಲೇಜಿನಲ್ಲಿ ಇನ್ನೂ ಯಾರೂ ಇಲ್ಲದ ಹೊತ್ತಿಗೆ ತಲುಪಿ, ಪ್ರಯೋಗಶಾಲೆಯ ಬಾಗಿಲ ಬಳಿಯ ನಳದಲ್ಲಿ ಹಣೆ, ಕೈ, ಕುತ್ತಿಗೆ ಉಜ್ಜಿ ತೊಳೆಯುವಳು. ಸಂಜೆ ಮನೆಗೆ ಹೋದಾಗ ಮುರಿಗೆವ್ವ ಕೇಳಿದರೆ 'ಬೆವರಿಗೆ ಹೋತವ್ವಾ' ಎನ್ನುವಳು. ಅವಳು ಹಣೆ ತೊಳೆಯುವುದನ್ನು ಕಂಡವರು ಒಬ್ಬರೇ, ಬಾಗಿಲ ಕೀಲಿ ತೆಗೆಯಲು ಬರುತ್ತಿದ್ದ ನೀಲಕಂಠಪ್ಪ ಸರ್. 'ಇದು ಖರೇ ತಪಸ್ಸವ್ವಾ' ಎಂದು ಹೊಗಳುತ್ತಿದ್ದರು. ಆ ಒಂದು ಮಾತಿಗೆ ರತ್ನವ್ವ ದಿನವಿಡೀ ಉಬ್ಬಿರುತ್ತಿದ್ದಳು.

ಮೊದಲ ಮಳೆಗಾಲದಲ್ಲೇ ಅವಳಿಗೊಂದು ಸೋಜಿಗ ಕಾಣಿಸಿತು. ಪುಸ್ತಕಗಳೆಲ್ಲ ಮೇಲಿನ ನೀರು ಬೇರೆ, ತಳದ ನೀರು ಬೇರೆ ಎನ್ನುತ್ತಿದ್ದರೆ, ಕಾರವಾರದ ಮಳೆಗಾಲದ ಮೂರೂ ಬಾಟಲಿ ಒಂದೇ ನೀಲಿ. ಮರುವರ್ಷವೂ ಹಾಗೇ, ಅದರ ಮರುವರ್ಷವೂ ಹಾಗೇ. ಮಳೆಗಾಲದಲ್ಲಿ ಅಲ್ಲಿನ ಕಡಲು ತಳದಿಂದ ಮೇಲಿನವರೆಗೆ ಕಡೆದ ಮಜ್ಜಿಗೆಯಂತೆ ಒಂದಾಗುತ್ತದೆ ಎಂದು ಅವಳು ಬರೆದಳು. ಪರಊರಿನ ವಿದ್ವಾಂಸರು ಹುಬ್ಬೇರಿಸಿದರು. ೧೯೬೩ರ ಆಷಾಢದಲ್ಲಿ ಧಾರವಾಡದಲ್ಲೇ ದೊಡ್ಡ ಸಭೆ ನಿಗದಿಯಾಯಿತು. ಅಲ್ಲಿ ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಪ್ರಬಂಧ ಓದುವುದು, ಅದಾದ ಮೇಲೆ ರತ್ನವ್ವನಿಗೆ ಅದೇ ಕಾಲೇಜಿನಲ್ಲಿ ಲೆಕ್ಚರರ್ ಕೆಲಸ. ಬಸಣ್ಣ ಕೂಡ ವರ ನೋಡುವುದನ್ನು ಬಿಟ್ಟು, ಗಾದಿಗೆ ಬಂದವರಿಗೆಲ್ಲ ಕಡಲಿನ ಗೊಬ್ಬರದ ಕಥೆ ಹೇಳತೊಡಗಿದ್ದ.

ಸಭೆಗೆ ಇನ್ನು ಆರು ದಿನ ಇರುವಾಗ ಬಸ್ಸಿನಲ್ಲಿ ಪಕ್ಕದ ಮನೆಯ ಗುಲ್ಜಾರಬಿ ಜೊತೆಯಾದಳು. ಧಾರವಾಡದ ಉರ್ದು ಸಾಲೆಯಲ್ಲಿ ಮಾಸ್ತರಿಣಿ, ಬಾಯಿ ಜೋರು, ಮನಸ್ಸು ಬೆಣ್ಣೆ. ಹೊರಗೆ ಮಳೆ ಜಡಿಯುತ್ತಿತ್ತು.

'ಈ ಮಳ್ಯಾಗ ನಮ್ಮ ಸರ್ ನಿನ್ನೆನ ಸಮುದ್ರದಾಗ ಹೋಗಿ ನೀರು ತಂದಾರ್ರೀ ಅಕ್ಕಾರ' ಎಂದಳು ರತ್ನವ್ವ, ಹೆಮ್ಮೆಯಿಂದ.

ಗುಲ್ಜಾರಬಿ ನಕ್ಕುಬಿಟ್ಟಳು. 'ಯಾವ ದೋಣ್ಯಾಗ ಹೋಗಿದ್ರವ್ವಾ? ನೂಲ ಹುಣ್ಣಿವಿಗೆ ಸಮುದ್ರಕ್ಕ ತೆಂಗಿನಕಾಯಿ ಕೊಡೂತನಕ ಒಂದು ದೋಣಿನೂ ನೀರಿಗೆ ಇಳ್ಯೂದಿಲ್ಲ. ಎರಡು ತಿಂಗಳಾತು, ಒಣಾ ಮೀನ ತಿಂದು ತಿಂದು ನಮ್ಮ ನಾಲಿಗಿ ಸತ್ತು ಹೋಗೇತಿ. ನಿಮಗ್ಹೆಂಗ ಗೊತ್ತಾಗಬೇಕು ಬಿಡು, ನೀವು ಬದನಿಕಾಯಿ ತಿನ್ನೋ ಮಂದಿ.'

ಅವಳು ಆಡಿದ್ದು ಚೇಷ್ಟೆಗೆ. ರತ್ನವ್ವ ಮಾತ್ರ ಬೆರಳು ಮಡಿಸಿ ಮಳೆಗಾಲದ ಬಾಟಲಿಗಳನ್ನು ಎಣಿಸತೊಡಗಿದಳು. ಮೀನು ತಿನ್ನುವ ಪ್ರತಿ ಮನೆಗೂ ಗೊತ್ತಿದ್ದ ಸಂಗತಿ, ಐದು ವರ್ಷ ಕಡಲನ್ನೇ ಓದಿದ ಅವಳಿಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮೀನು ಮಾರುವ ಓಣಿಯಲ್ಲಿ ಮೂಗು ಮುಚ್ಚಿಕೊಂಡು ನಡೆದವಳು, ಯಾವ ತಿಂಗಳು ಅಲ್ಲಿ ಬುಟ್ಟಿ ಬರಿದಾಗುತ್ತದೆ ಎಂದು ನೋಡಿದವಳೇ ಅಲ್ಲ.

ಮರುದಿನ ತಂದೆಯನ್ನು ಹೊರಡಿಸಿಕೊಂಡು ಕಾರವಾರಕ್ಕೆ ಹೋದಳು. ಕಡಲನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಆಳೆತ್ತರದ ತೆರೆಗಳು ಕೆಂಪು ರಾಡಿ ಹೊತ್ತು ಬಂದು ಬಡಿಯುತ್ತಿದ್ದವು. ದೋಣಿಗಳೆಲ್ಲ ದಡದ ಮೇಲೆ, ತೆಂಗಿನ ಗರಿ ಹೊದ್ದು ಮಲಗಿದ್ದವು. ದೋಣಿ ಹತ್ತಿಳಿಯುವ ಧಕ್ಕೆಯ ಮೆಟ್ಟಿಲ ಬಳಿ ಚಹಾ ಮಾರುವ ಬಂದೇನವಾಜನನ್ನು ಬಸಣ್ಣ ಮಾತಿಗೆಳೆದ. 'ಕರಿ ಕೋಟಿನ ಸಾಹೇಬ್ರಲ್ಲ? ಬರ್ತಾರ್ರೀ. ಬ್ಯಾಸಿಗ್ಯಾಗ ದೋಣಿ ಹತ್ತಿ ಹೋಗ್ತಾರ. ಮಳಿಗಾಲದಾಗ ಈ ಮೆಟ್ಟಲ ಮ್ಯಾಲ ಕುಂತು ಎಲ್ಲಾ ಬಾಟ್ಲಿ ತುಂಬಕೊಂಡು, ಚಹಾ ಕುಡದು ಹೋಗ್ತಾರ.'

ಮೇಲಿನದು, ನಡುವಿನದು, ತಳದ್ದು, ಎಲ್ಲವೂ ಒಂದೇ ಮೆಟ್ಟಿಲಿನ ನೀರು. ನೀಲಿ ಒಂದೇ ಆಗದೆ ಇನ್ನೇನಾದೀತು? ಅವಳ ದೊಡ್ಡ ಶೋಧ ಅಂದರೆ ಗುರುವಿನ ಸುಳ್ಳು, ಅದೂ ಅಳತೆ ತಪ್ಪದೆ ಬರೆದಿಟ್ಟ ಸುಳ್ಳು. ಕಾಯಲು ಕಟ್ಟಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ರತ್ನವ್ವ ಆ ಮೆಟ್ಟಿಲ ಮೇಲೆ ಕೂತು ಅತ್ತಳು. ಬಸಣ್ಣ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಗುರುವಾರ ಅವಳು ಕಾಲೇಜಿಗೆ ಹೋದದ್ದು ಹೊತ್ತೇರಿದ ಮೇಲೆ. ನಳದ ಮುಂದೆ ನಿಲ್ಲಲಿಲ್ಲ. ಹಣೆಯ ತುಂಬ ವಿಭೂತಿ ಇಟ್ಟುಕೊಂಡೇ ಒಳಗೆ ಹೋಗಿ, ವಿದ್ಯಾರ್ಥಿಗಳ ಎದುರಿಗೇ ಹೊಸ ಬಾಟಲಿಗಳ ಬಿರಡೆ ತೆಗೆದಳು. ಸರ್ ಓಡಿ ಬಂದರು.

'ರತ್ನಾ, ಹಣಿ ತೊಳಕೊಳ್ಳೋದು ಮರತೀಯಲ್ಲ! ನೀರಾಗ ಬಿದ್ದೀತು.'

'ಬೀಳ್ಲಿ ಬಿಡ್ರಿ ಸರ್. ಅದೇನು ತಳದ ನೀರಲ್ಲಲ್ಲ.'

ಸರ್ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ ಕುರ್ಚಿಯಲ್ಲಿ ಕುಸಿದರು. 'ಮೊದಲನೇ ವರ್ಷ ಹೇಳಬೇಕಂತನ ಇದ್ದೆನವ್ವಾ. ದೋಣಿ ಸಿಗಲಿಲ್ಲ, ಬರೇ ಕೈಲೆ ಹೆಂಗ ಬರ್ಲಿ ಅಂತ ಅಲ್ಲೇ ತುಂಬಕೊಂಡು ಬಂದೆ. ನೀ ಮೂರೂ ಒಂದ ಬಣ್ಣ ಬಂದ್ವು ಅಂತ ಕುಣದಾಡಿದಿ. ಆ ಖುಷಿ ನೋಡಿ ಬಾಯಿ ಬರಲಿಲ್ಲ.'

'ಎರಡನೇ ವರ್ಷ?'

ಸರ್ ಬಾಗಿಲ ಕಡೆ ನೋಡಿದರು. 'ಈಗ ಬಾಯಿ ಬಿಟ್ರ ಇಬ್ರೂ ಮುಳಗತೇವಿ' ಎಂದರು.

'ನೀವು ನೀರಿಗೇ ಇಳದಿಲ್ಲರಿ ಸರ್. ನೀವ್ಹೆಂಗ ಮುಳಗತೀರಿ?'

ಅವರು ಕೈ ಮುಗಿದರು. 'ಆತವ್ವಾ. ಸಭಾದಾಗ ನಾನ ಎದ್ದು ನಿಂತು, ಮಳಿಗಾಲದ ಲೆಕ್ಕ ತಪ್ಪೇತಿ ಅಂತ ಹೇಳ್ತೇನಿ. ಗುರುವಿನ ಬಾಯಿಲೇ ಬರಲಿ. ಅಲ್ಲೀತನಕ ಯಾರ ಮುಂದೂ ಅನಬ್ಯಾಡ.' ರತ್ನವ್ವ ಮತ್ತೊಮ್ಮೆ ನಂಬಿದಳು. ಐದು ವರ್ಷದ ರೂಢಿ ಒಂದು ದಿನದಲ್ಲಿ ಬಿಡುತ್ತದೆಯೇ?

ಸೋಮವಾರ ಮುರಿಗೆವ್ವ ಎಂದಿಗಿಂತ ದಟ್ಟವಾಗಿ ವಿಭೂತಿ ಎಳೆದು, ದೃಷ್ಟಿ ತೆಗೆದು ಕಳಿಸಿದಳು. ಸಭೆಯಲ್ಲಿ ರತ್ನವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಸರ್ ಎದ್ದು ನಿಂತರು, ಮಾತು ಉಳಿಸಿಕೊಂಡರು. ಮಳೆಗಾಲದ ಲೆಕ್ಕ ತಪ್ಪಾಗಿದೆ, ಅದನ್ನು ಹಿಂತೆಗೆದುಕೊಳ್ಳುತ್ತೇವೆ ಎಂದರು. ಪರಊರಿನ ವಿದ್ವಾಂಸರೊಬ್ಬರು ತಪ್ಪು ಎಲ್ಲಿ ಆಯಿತೆಂದು ಕೇಳಿದರು. ಸರ್ ಮೃದುವಾಗಿ ನಕ್ಕರು.

'ಏನ್ ಹೇಳೂದ್ರಿ. ನಮ್ಮ ಹುಡುಗಿ ಶಿವಭಕ್ತರ ಮನ್ಯಾಕಿ. ಹಣಿ ಮ್ಯಾಲಿನ ವಿಭೂತಿ ಬಾಟ್ಲಿಗೆ ಉದುರೇತಿ. ಎಲ್ಲಾ ನೀರೂ ನೀಲಿ ಆಗೇತಿ. ಭಕ್ತಿಗೆ ಬೈಯಾಕ ಆಗ್ತದೇನ್ರಿ? ತಪ್ಪು ನಾ ನೋಡಕೋಬೇಕಿತ್ತು.'

ಸಭೆ ನಕ್ಕಿತು. ಅಷ್ಟೂ ಕಣ್ಣು ಅವಳ ಹಣೆಯ ಕಡೆ ತಿರುಗಿದವು. ಹಿಂದಿನ ಸಾಲಿನ ಹುಡುಗನೊಬ್ಬ 'ಖರೇ ಐತಿ, ಮೊನ್ನೆ ಗುರುವಾರ ನಾವ ನೋಡೇವಿ' ಎಂದ. ರತ್ನವ್ವ ಎದ್ದಳು. 'ಸುಳ್ಳು! ನಾ ದಿನಾ ತೊಳಕೊಂಡ ಒಳಗ ಹೋಗತಿದ್ದೆ. ಸರ್ ನೋಡ್ಯಾರ. ಕೇಳ್ರಿ ಅವರನ್ನ. ಆ ನೀರು ಧಕ್ಕಿ ಮೆಟ್ಟಲದ್ದು!' ಅಧ್ಯಕ್ಷರು ಸರ್ ಮುಖ ನೋಡಿದರು. ಸರ್ ಕನಿಕರದಿಂದ, ಇಲ್ಲವೆಂಬಂತೆ ತಲೆಯಾಡಿಸಿದರು. 'ಕೂಡ್ರವ್ವಾ, ತಪ್ಪು ಯಾರಿಗರೆ ಆಗ್ತದ' ಎಂದರು ಅಧ್ಯಕ್ಷರು. ಶಿಷ್ಯೆಯ ತಪ್ಪನ್ನು ತಮ್ಮ ಮೈಮೇಲೆ ಎಳೆದುಕೊಂಡ ಗುರುವಿಗೆ ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಇದ್ದ ಸಾಕ್ಷಿ ಒಂದೇ, ಆ ಸಾಕ್ಷಿ ಚಪ್ಪಾಳೆ ತೆಗೆದುಕೊಳ್ಳುತ್ತ ನಿಂತಿತ್ತು.

ಲೆಕ್ಚರರ್ ಕೆಲಸದ ಮಾತು ಅಲ್ಲಿಗೇ ಮುಗಿಯಿತು. ಕೋಲು ಹಿಡಿದು ಧಾರವಾಡಕ್ಕೆ ಹೊರಟ ಬಸಣ್ಣನನ್ನು ಹೆಂಡತಿ ತಡೆದಳು. ಮೂರು ದಿನದಲ್ಲಿ ಸುದ್ದಿ ಹುಬ್ಬಳ್ಳಿಯ ಓಣಿಗೂ ಬಂತು: ಬಸಣ್ಣನ ಮಗಳು ವಿಭೂತಿ ಉದುರಿಸಿ ಸರ್ಕಾರದ ಕೆಲಸ ಕೆಡಿಸಿದಳಂತೆ.

ಅಂದು ಸಂಜೆ ಮುರಿಗೆವ್ವ ದೇವರ ಕೋಣೆಯಲ್ಲಿ ಕೂತು ಬಿಕ್ಕುತ್ತಿದ್ದಳು. ಧಕ್ಕೆಯ ಮೆಟ್ಟಿಲಿನ ಸಂಗತಿಯನ್ನು ಗಂಡ ಹೇಳಿದ್ದರೂ ವಿಭೂತಿ ಬಿದ್ದೇ ಇಲ್ಲವೆಂದು ಅವಳಿಗೆ ಖಾತ್ರಿಯಾಗಿರಲಿಲ್ಲ. ಮಗಳನ್ನು ಕಂಡು ತನ್ನ ಬಲಗೈ ಮುಂದೆ ಚಾಚಿದಳು. 'ಈ ಕೈಲೆ ಹಚ್ಚಿದೆನವ್ವಾ. ನನ್ನ ಕೈಯಿಂದನ ನಿನ್ನ ಬಾಳೇವು ಹಾಳಾತು. ಒಂದು ಮಾತು ಬ್ಯಾಡ ಅಂದಿದ್ರ ಬಿಡ್ತಿದ್ದೆನಲ್ಲ.'

ರತ್ನವ್ವನಿಗೆ ಸುಮ್ಮನಿರುವುದು ಆಗಲಿಲ್ಲ. ಸುಮ್ಮನಿದ್ದರೆ ಆ ಮನುಷ್ಯನ ಸುಳ್ಳು ತಾಯಿಯ ಎದೆಯಲ್ಲಿ ಸಾಯುವವರೆಗೂ ಕೂತಿರುತ್ತಿತ್ತು. 'ಇಲ್ಲವ್ವಾ. ನಿನ್ನ ವಿಭೂತಿ ಒಂದು ಕಣನೂ ಬಿದ್ದಿಲ್ಲ. ಒಳಗ ಹೋಗೂಕಿಂತ ಮೊದಲ ನಾ ಅಳಿಸಿಕೊತಿದ್ದೆ.'

ಮುರಿಗೆವ್ವನ ಅಳು ನಿಂತಿತು. 'ಬೆವರಿಗೆ ಹೋತು ಅಂತಿದ್ದಿ.'

'ಹೂಂ.'

'ದಿನಾ?'

'ದಿನಾ, ಅವ್ವಾ.'

ತಾಯಿ ಮಗಳ ಹಣೆಯನ್ನೇ ನೋಡಿದಳು. ಧಕ್ಕೆಯ ಮೆಟ್ಟಿಲ ಮೇಲೆ ಮೋಸ ತಿಳಿದಾಗ ತನ್ನ ಮುಖ ಹೇಗಿತ್ತು ಎಂದು ಅವ್ವನ ಮುಖ ನೋಡಿ ರತ್ನವ್ವನಿಗೆ ಆಗ ತಿಳಿಯಿತು.

ನೂಲ ಹುಣ್ಣಿಮೆ ಕಳೆಯಿತು. ಬೇರೊಂದು ಕಾಲೇಜಿನವರು ತಮ್ಮ ಪ್ರಯೋಗಶಾಲೆಯಲ್ಲಿ ಒಂದು ಮೇಜು ಬಿಟ್ಟುಕೊಡಲು ಒಪ್ಪಿದ್ದರು. ತಾನೇ ದೋಣಿ ಹತ್ತಿ ನೀರು ತರುತ್ತೇನೆಂದು ಹಟ ಹಿಡಿದು, ತಂದೆಯ ಒಪ್ಪಿಗೆ ಪಡೆದು, ರತ್ನವ್ವ ಖಾಲಿ ಬಾಟಲಿಗಳ ಪೆಟ್ಟಿಗೆ ಕಟ್ಟಿದಳು. ಹೊರಡುವ ಮುಂಜಾನೆ ಪೂಜೆ ಮುಗಿಯುವವರೆಗೆ ಕಾದು, ದೇವರ ಕೋಣೆಯ ಬಾಗಿಲಲ್ಲಿ ಹಣೆ ಮುಂದೆ ಮಾಡಿ ನಿಂತಳು. ಮುರಿಗೆವ್ವ ವಿಭೂತಿಯ ಗಟ್ಟಿಯನ್ನು ಎತ್ತಿ ಗೋಡೆಯ ಮಾಡದೊಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

'ಬಸ್ಸಿಗೆ ಹೊತ್ತಾಗತೈತಿ, ಹೋಗು' ಎಂದಳು.