ತಂಗಿಯ ಅಂಗಡಿಗೆ ಯಾವ ಹೆಸರು

ನಮ್ಮೂರಿನ ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲಿ, ದಿನಸಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರು ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಕೆಳಗಿನ ಮೆಣಸಿನಕಾಯಿ ಮೂಟೆಗಳ ಘಾಟಿಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಸೀನು ಶುರುವಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ನಾನಿನ್ನೂ ಮೂಗು ಒರೆಸಿಕೊಳ್ಳುತ್ತಿರುವಾಗಲೇ ಅವರು ಹೇಳಿದರು: "ಮೇಡಂ, ನಿಮ್ ಅಂಗಡಿ ವೆಬ್‌ಸೈಟ್ ಹೆಸ್ರು, ಅದೇ ಡೊಮೈನ್, ರಿನ್ಯೂ ಮಾಡೋ ಟೈಮ್ ಬಂತು. ನನ್ ಮಾತು ಕೇಳಿ, ಹೆಸ್ರು ಚೇಂಜ್ ಮಾಡ್ಬಿಡಿ. ಈ ಹೆಸರಲ್ಲಿ ನಿಮ್ಮನ್ನ ಯಾರೂ ಹುಡುಕ್ತಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಆ ಹೆಸರಿಗೆ ಏನಾಗಿದೆ?" ಎಂದೆ.

"ಹೆಸ್ರು ಚೆನ್ನಾಗೇ ಇದೆ. ಆದ್ರೆ ಅದು ಯಾರ್ದು ಅಂತ ಯಾರಿಗೂ ಗೊತ್ತಿಲ್ವಲ್ಲ."

ಅದು ನನ್ನ ತಂಗಿಯ ಹೆಸರು. ತಂಗಿಯನ್ನು ಭದ್ರಾವತಿಗೆ ಕೊಟ್ಟಿತ್ತು. ಅವಳ ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿದ್ದವನು, ಕೆಲಸಗಾರರನ್ನು ಕಡಿಮೆ ಮಾಡುತ್ತಿದ್ದ ಕಾಲದಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡ. ಕ್ವಾರ್ಟರ್ಸ್ ಬಿಟ್ಟು ಹಳೇನಗರದಲ್ಲಿ ಬಾಡಿಗೆ ಮನೆ ಹಿಡಿದರು. ಸಂಸಾರ ಸಾಗಬೇಕಲ್ಲ, ತಂಗಿ ಸಾರಿನ ಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು ಮಾಡಿ ಮಾರತೊಡಗಿದಳು. ಭದ್ರಾವತಿಯಿಂದ ಬಸ್ಸಿಗೆ ಮುಕ್ಕಾಲು ಗಂಟೆಯ ನಮ್ಮೂರಲ್ಲಿ, ಗೋಪಾಳ ಬಡಾವಣೆಯಲ್ಲಿದ್ದ ನಾನು ಆಗಷ್ಟೇ ಕಚೇರಿಯ ಟೈಪಿಸ್ಟ್ ಕೆಲಸದಿಂದ ನಿವೃತ್ತಳಾಗಿದ್ದೆ. ಬೆರಳು ಸುಮ್ಮನಿರುತ್ತಿರಲಿಲ್ಲ. ಮನೆಗೆ ಕಂಪ್ಯೂಟರ್ ತಂದು ಅವಳಿಗೊಂದು ಇಂಟರ್‌ನೆಟ್ ಅಂಗಡಿ ತೆರೆದೆ. ಆರ್ಡರ್ ನನ್ನ ಇಮೇಲಿಗೆ ಬರುವುದು, ನಾನು ಫೋನ್ ಮಾಡಿ ಹೇಳುವುದು, ಅವಳು ಹುರಿದು ಪುಡಿ ಮಾಡಿಸಿ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುವುದು, ನಾನು ಕೊರಿಯರಿಗೆ ಹಾಕುವುದು. ಹೀಗೆ ನಡೆದಿತ್ತು.

ಹೆಸರಿನ ವಿಷಯ ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ. ಅದಕ್ಕೆ ಕಾರಣ ಅವಳ ಮದುವೆ. ತಾಳಿ ಕಟ್ಟಿ ಮುಗಿದ ಮೇಲೆ ಗಂಡಿನ ಮನೆಯವರು ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಉಂಗುರ ಕೊಟ್ಟು ಹುಡುಗಿಯ ಹೊಸ ಹೆಸರು ಬರೆಸಿದರು. ಅವರ ಮನೆಯ ಪದ್ಧತಿಯಂತೆ. ನನಗೆ ತಡೆಯಲಾಗಲಿಲ್ಲ. "ಇವಳೇನು ಅಂಗಡಿನಾ, ಬೋರ್ಡ್ ಬದಲಾಯಿಸಕ್ಕೆ?" ಎಂದುಬಿಟ್ಟೆ. ಅಮ್ಮ ತೊಡೆ ಚಿವುಟಿದಳು. ತಂಗಿ ತಲೆ ತಗ್ಗಿಸಿ ಅಕ್ಕಿ ನೋಡುತ್ತಿದ್ದಳು. ಅವತ್ತಿನಿಂದ ಭದ್ರಾವತಿಯಲ್ಲಿ ಅವಳಿಗೆ ಒಂದು ಹೆಸರು, ತವರಿನಲ್ಲಿ ಇನ್ನೊಂದು. ಅಂಗಡಿ ತೆರೆಯುವಾಗ ನಾನು ತವರಿನ ಹೆಸರನ್ನೇ ಕೊಟ್ಟೆ. ಅಕ್ಕಿಯಲ್ಲಿ ಅಳಿಸಿದ್ದನ್ನು ಇಂಟರ್‌ನೆಟ್ಟಿನಲ್ಲಿ ಬರೆದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊದಮೊದಲು ನಮ್ಮ ನೆಂಟರಿಷ್ಟರು ತರಿಸಿದರು. ಆಮೇಲೆ ಇಮೇಲ್ ಭಣಗುಟ್ಟತೊಡಗಿತು. ಕ್ವಾರ್ಟರ್ಸಿನಲ್ಲಿ ತಂಗಿಯ ಪಕ್ಕದ ಮನೆಯಲ್ಲಿದ್ದ ತಮಿಳು ಹೆಂಗಸು ಕೊಯಮತ್ತೂರಿನಿಂದ ನನಗೆ ಫೋನ್ ಮಾಡಿದ್ದೂ ಆಗಲೇ. "ಏನಮ್ಮ, ನಿಮ್ ತಂಗಿ ಹೆಸ್ರು ಕಂಪ್ಯೂಟರಲ್ಲಿ ಹೊಡ್ದು ಹೊಡ್ದು ನನ್ ಮಗನಿಗೆ ಸಾಕಾಯ್ತು. ಬರೀ ಸೀರೆ ಅಂಗಡಿ ಬರತ್ತೆ. ಪುಡಿ ಎಲ್ಲಮ್ಮ?" ನಾನು ನಮ್ಮ ಅಂಗಡಿಯ ಹೆಸರು ಹೇಳಿದೆ. "ಅದು ಯಾರು?" ಎಂದು ಕೇಳಿದರು. ಒಂದೇ ಗೋಡೆಯ ಆಚೆ ಈಚೆ ವರ್ಷಗಟ್ಟಲೆ ಇದ್ದವರು.

ತಂಗಿಯ ಪುಡಿ ಬೇಕಾಗಿದ್ದವರು ಇವರೇ. ಕಾರ್ಖಾನೆ ಸೊರಗಿ ಊರೂರಿಗೆ ಚದುರಿದವರು, ಅವಳ ಕೈಯ ಹುಳಿಯ ರುಚಿ ಕಂಡವರು. ಅವರು ಹುಡುಕುತ್ತಿದ್ದ ಹೆಸರು ಬೇರೆ, ನಾನು ಹಾಕಿದ್ದ ಬೋರ್ಡೇ ಬೇರೆ. ಎರಡು ಹೆಸರಿನ ಕಥೆ ಗೊತ್ತಿದ್ದ ವೆಬ್‌ಸೈಟಿನವರು ದಾರಿಯನ್ನೂ ಹೇಳಿದರು. ಭದ್ರಾವತಿಯವರು ಕರೆಯುವ ಹೆಸರು, ಅದರ ಮುಂದೆ ಊರಿನ ಹೆಸರು. ಸ್ವಲ್ಪ ದಿನ ಹಳೆಯ ಹೆಸರಿಗೆ ಬಂದವರನ್ನು ಹೊಸದಕ್ಕೆ ತಿರುಗಿಸಬಹುದು, ಆಮೇಲೆ ಹಳೆಯದನ್ನು ಬಿಟ್ಟರಾಯಿತು. ಬಿಟ್ಟರಾಯಿತಂತೆ. ಸರಾಗವಾಗಿ ಹೇಳಿದರು ಪುಣ್ಯಾತ್ಮ. ಮೂರು ದಿನ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಹೆಸರು ಬದಲಾಯಿಸದಿದ್ದರೆ ಅವಳ ಒಲೆ ತಣ್ಣಗಾಗುತ್ತದೆ. ಬದಲಾಯಿಸಿದರೆ, ಅವಳ ಹೆಸರನ್ನು ಎರಡನೇ ಸಲ ಅಳಿಸುವವಳು ನಾನೇ ಆಗುತ್ತೇನೆ. ಕೊನೆಗೆ ಭದ್ರಾವತಿ ಬಸ್ಸು ಹತ್ತಿದೆ.

ನಾನು ಹೋದಾಗ ಅವಳು ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಎಲ್ಲ ಹೇಳಿದೆ. ಕೊಯಮತ್ತೂರಿನವರ ಸೀರೆ ಅಂಗಡಿಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

"ಬದಲಾಯ್ಸು ಅಕ್ಕ, ಅದಕ್ಯಾಕೆ ಅಷ್ಟು ಯೋಚ್ನೆ?" ಎಂದಳು, ಸೌಟು ನಿಲ್ಲಿಸದೆ.

"ಎಂತ ಮಾರಾಯ್ತಿ, ಅಷ್ಟು ಸುಲಭನಾ ನಿಂಗೆ? ಅವತ್ತು ಅಕ್ಕಿಯಲ್ಲಿ ಅವರು ಬದಲಾಯಿಸಿದ್ರು. ಇವತ್ತು ನಾನು ಬದಲಾಯಿಸ್ಬೇಕಾ? ಸಿಟ್ಟೇ ಬರಲ್ವಾ ನಿಂಗೆ?"

"ಅವತ್ತು ಬಂದಿತ್ತು. ಅತ್ತೆ ಕರೆದ್ರೆ ಯಾರನ್ನೋ ಕರೀತಿದಾರೆ ಅಂತ ಸುಮ್ನೆ ಕೂತಿರ್ತಿದ್ದೆ. ಅದಕ್ಕೂ ಬೈಸ್ಕೊಂಡೆ." ಉರಿ ಸಣ್ಣ ಮಾಡಿದಳು. "ಆದ್ರೆ ನೀನೇ ಹೇಳು, ನೀನು ಬೋರ್ಡ್ ಹಾಕಿದೀಯಲ್ಲ, ಆ ಹೆಸರಿನ ಹುಡುಗಿಗೆ ಒಂದು ಸಾರು ಮಾಡಕ್ಕೆ ಬರ್ತಿತ್ತಾ?"

ಬರುತ್ತಿರಲಿಲ್ಲ. ಅನ್ನಕ್ಕೆ ನೀರಿಡಲೂ ಬರುತ್ತಿರಲಿಲ್ಲ.

"ಇದನ್ನೆಲ್ಲ ಕಲ್ತಿದ್ದು ಇಲ್ಲಿ. ಅತ್ತೆ ಪಕ್ಕದಲ್ಲಿ ನಿಂತು ಹೆಸ್ರು ಹಿಡಿದು ಕೂಗಿ ಕೂಗಿ ಕಲಿಸಿದ್ರು. ಕೈ ಸುಟ್ಕೊಂಡೋಳು, ಕ್ವಾರ್ಟರ್ಸ್ ಮಂದಿಗೆಲ್ಲ ಹುಳಿ ಬಡಿಸ್ದೋಳು ಈ ಹೆಸರಿನೋಳು. ಪುಡಿ ಇವಳದು ಅಕ್ಕ. ಪೊಟ್ಟಣದ ಮೇಲೆ ಇವಳ ಹೆಸರೇ ಇರ್ಲಿ."

ಮೂವತ್ತು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟು, ಇಳಿಸಲು ಜಾಗವಿಲ್ಲದೆ ಹೊಟ್ಟೆಯಲ್ಲೇ ಉಳಿಯಿತು. ಅವಳ ಬದುಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನು ಅನ್ಯಾಯ ಎನ್ನುವ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೆ. ಅನ್ಯಾಯ ಹೌದು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ಹೆಸರಿನೊಳಗೆ ಅವಳು ಅಷ್ಟು ವರ್ಷ ಸುಮ್ಮನೆ ಕೂತಿರಲಿಲ್ಲವಲ್ಲ.

ಆದರೂ ಮನಸ್ಸು ಒಪ್ಪದೆ ಕೇಳಿದೆ: "ಹಾಗಾದ್ರೆ ನಮ್ಮನೇಲಿಟ್ಟ ಹೆಸ್ರು ಬೇಡ್ವಾ ನಿಂಗೆ? ಬಿಟ್ರೆ ನಾಳೆ ಇನ್ಯಾರೋ ದುಡ್ಡು ಕೊಟ್ಟು ತಗೋತಾರೆ."

ಅವಳು ಬಾಣಲೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಎದುರು ನೆಲದ ಮೇಲೆ ಕೂತಳು. "ಬೇಡ ಅಂದ್ನಾ ನಾನು? ಅಪ್ಪ ಇಲ್ಲ. ಅಮ್ಮನೂ ಹೋದ್ಳು. ಆ ಹೆಸರಲ್ಲಿ ನನ್ನ ಕರೆಯೋಳು ಈಗ ನೀನೊಬ್ಳೇ. ಅದನ್ನ ತಗೊಂಡ್ಹೋಗಿ ಅಂಗಡೀಲಿ ಇಟ್ಟಿದೀಯಲ್ಲ ಅಕ್ಕ."

ಏನಾದರೂ ಗದರಿಸಿ ತಪ್ಪಿಸಿಕೊಳ್ಳುವುದು ನನ್ನ ಅಭ್ಯಾಸ. ಅವತ್ತು ಗದರಿಸಲಿಲ್ಲ. ಅವಳೇ ಎದ್ದು ಕಾಫಿಗೆ ಇಟ್ಟಳು.

ಮಾರನೆಯ ದಿನ ವೆಬ್‌ಸೈಟಿನವರಿಗೆ ಹೊಸ ಹೆಸರು ಹೇಳಿ ಬಂದೆ. ಆರ್ಡರುಗಳು ಬಂದವು. ಕೊಯಮತ್ತೂರಿನಿಂದ, ಪುಣೆಯಿಂದ, ಎಲ್ಲೆಲ್ಲಿಂದಲೋ. ಹಳೆಯ ಹೆಸರಿನ ಅವಧಿ ಮುಗಿದಾಗ ಅದನ್ನು ಬಿಟ್ಟೆವು. ಈಗ ನಾನು ದಿನಾ ಬೆಳಿಗ್ಗೆ ಅವಳಿಗೆ ಫೋನ್ ಮಾಡುತ್ತೇನೆ. ಆರ್ಡರ್ ಇರಲಿ ಇಲ್ಲದಿರಲಿ, ಮೊದಲು ಆ ತವರಿನ ಹೆಸರು ಹಿಡಿದು ಕರೆಯುತ್ತೇನೆ. ಅವಳು ಓಗೊಡುತ್ತಾಳೆ. ನಾನು ಅವಳಿಗಿಂತ ಆರು ವರ್ಷ ದೊಡ್ಡವಳು, ನಾನಿರುವಷ್ಟು ದಿನ ಕರೆಯುತ್ತೇನೆ.