ಕಾಕಾ ಹೊಸೆದ ಹಗ್ಗ

ಮೊನ್ನೆಯ ಮಳೆಗೆ ಹಿತ್ತಲ ಕೋಣೆ ಸೋರಿ ಹಗ್ಗ ಹೆಣೆದ ನಮ್ಮ ಹಳೆಯ ಮಂಚ, ಹೊರಸು, ತೊಯ್ದುಹೋಯಿತು. ಬಿಸಿಲಿಗಿಡೋಣವೆಂದು ಎತ್ತಿದರೆ ಪುಂಡಿನಾರಿನ ಹಗ್ಗದ ಹಸಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಕೊಪ್ಪಳದ ಆ ದವಾಖಾನೆಯ ಪಡಸಾಲೆ ನೆನಪಾಯಿತು, ಅಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ ಕಾಕಾ ನೆನಪಾದರು...

ಯುದ್ಧ ನಡೆದಿದ್ದ ಕಾಲ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆ, ಕೊಯ್ದೇ ತೆಗೆಯಬೇಕು ಎಂದರು. ಯಲಬುರ್ಗಾದಿಂದ ಎತ್ತಿನ ಚಕ್ಕಡಿಯಲ್ಲಿ ಕರೆತಂದೆ. ಹೊಟ್ಟೆ ಕೊಯ್ಸಿಕೊಂಡವರು ಮನೆಗೆ ತಿರುಗಿ ಬರುತ್ತಾರೆಂಬ ನಂಬಿಕೆ ಆಗ ಯಾರಿಗಿತ್ತು? ನಮ್ಮವ್ವ ಚಕ್ಕಡಿ ಹೊರಡುವಾಗಲೇ ಅತ್ತು ಮುಗಿಸಿದ್ದಳು. ಆಪರೇಷನ್ ಏನೋ ಆಯಿತು. ಆದರೆ ಹೊಟ್ಟೆಯ ಗಾಳಿ ಕೆಳಗಿಂದ ಸರಿದು ಹೋಗುವ ತನಕ ಹನಿ ನೀರೂ ಕೊಡಬಾರದು, ಗಾಳಿ ಸರಿದರೆ ಗೆದ್ದಂತೆ ಎಂದು ಡಾಕ್ಟರು ಹೇಳಿ ಹೋದರು.

ಹೆಂಗಸರ ವಾರ್ಡಿನೊಳಗೆ ಗಂಡಸರಿಗೆ ಪ್ರವೇಶವಿಲ್ಲ. ಬೆಳಿಗ್ಗೆ, ಸಂಜೆ ಬಾಗಿಲಲ್ಲಿ ನಿಂತು ಮುಖ ನೋಡಬೇಕು, ಅಷ್ಟೇ. ನಾನೋ ಮೊದಲೇ ಕೂತಲ್ಲಿ ಕೂಡುವವನಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಪಡಸಾಲೆಯ ತುಂಬ ತಿರುಗುತ್ತಿದ್ದೆ.

ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತ ಕೂತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು. ಗಂಗಾವತಿ ಕಡೆಯ ಮರಳಿ ಎಂಬ ಊರಿನ ರೈತರು. ಅವರ ಹೆಂಡತಿಗೂ ಹೊಟ್ಟೆ ಕೊಯ್ದಿದ್ದರು. ನನ್ನವಳ ಮಗ್ಗಲಿನ ಮಂಚವೇ ಆಕೆಯದು.

"ತಮ್ಮಾ, ನೀ ತಿರಗೂದು ನೋಡಿ ನನಗ ತಲಿ ತಿರಗಾಕ ಹತ್ತೈತಿ. ಈ ತುದಿ ಹಿಡಿ" ಎಂದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟರು.

"ಇಲ್ಲಿ ಯಾಕ್ರಿ ಕಾಕಾ ಹಗ್ಗ ಹೊಸೀತೀರಿ?"

"ನಮ್ಮಾಕಿಗೆ ಹೊರಸು ಹೆಣೀಬೇಕೋ. ಹೊಟ್ಟಿಗೆ ಹೊಲಿಗಿ ಹಾಕ್ಯಾರ, ನೆಲದ ಮ್ಯಾಲಿಂದ ಹೆಂಗ ಎದ್ದಾಳು?"

ಹೀಗೆ ಅವರು ಕಾಕಾ ಆದರು, ಒಳಗಿದ್ದ ಅವರ ಹೆಂಡತಿ ಚಿಗವ್ವ ಆದರು. ನಾನು ತುದಿ ಹಿಡಿದು ನಿಲ್ಲುವುದು, ಅವರು ಹುರಿ ಹಾಕುವುದು. ಕೈಗೆ ಕೆಲಸ ಸಿಕ್ಕಿತೇ ಹೊರತು ಜೀವಕ್ಕೆ ಸಮಾಧಾನವಿರಲಿಲ್ಲ. ಒಂದು ದಿನ ಕಳೆಯಿತು, ಇನ್ನೊಂದೂ ಕಳೆಯಿತು. ಡಾಕ್ಟರು ಬಂದು ಗಾಳಿ ಸರಿಯಿತೇ ಎಂದರೆ ನನ್ನವಳು ಇಲ್ಲವೆಂದು ತಲೆ ಆಡಿಸುತ್ತಿದ್ದಳು. ತುಟಿ ಒಣಗಿ ಬಿರಿದಿದ್ದವು. ಬಾಗಿಲಲ್ಲಿ ನಿಂತು "ಆತೇನ?" ಎಂದರೆ ಮುಖವನ್ನು ಗೋಡೆಯತ್ತ ಹೊರಳಿಸುತ್ತಿದ್ದಳು. ಕೈಬಿಟ್ಟು ಹೋಗುತ್ತಾಳೆ ಎಂದೇ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಆ ಸಂಜೆ ಚಿಗವ್ವನ ಮುಖ ನೋಡಲು ಬಾಗಿಲಿಗೆ ಹೋಗಿದ್ದ ಕಾಕಾ ನಗು ತಡೆಯಲಾಗದೆ ಬಂದರು. "ಲೇ ತಮ್ಮಾ, ನಿನ್ನ ಹೇಣ್ತಿಗೆ ನಿನ್ನೇನ ಗಾಳಿ ಸರದೈತಂತ! ನಮ್ಮಾಕಿಗೆ ಕೇಳಿಸೇತಿ. ಗಂಡಸರ ಮುಂದ ಅದನ್ನ ಹೆಂಗ ಹೇಳಲಿ ಅಂತ ನಾಚಿ ಉಪಾಸ ಬಿದ್ದಾಳ. ಜೀವಕ್ಕಿಂತ ಮರ್ಯಾದಿ ದೊಡ್ಡದಾತು ನೋಡು!"

ಅಷ್ಟರಲ್ಲಿ ಚಿಗವ್ವನೇ ನರ್ಸಮ್ಮನನ್ನು ಕೂಗಿ ಹೇಳಿದ್ದರು, ನನ್ನವಳ ಬಾಯಿಗೆ ಚಮಚ ನೀರು ಬಿದ್ದಾಗಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ನನ್ನವಳು ಗಂಜಿ ಕುಡಿಯುವ ಹೊತ್ತಿಗೆ ಚಿಗವ್ವನ ಗಾಯ ಬಾತು ಜ್ವರ ಏರಿತ್ತು. ಕಾಕಾ ಅವರ ಹೊಸೆಯುವ ಕೈ ಜೋರಾಯಿತು. ಒಂದು ಮಧ್ಯಾಹ್ನ ನರ್ಸಮ್ಮ ಬಾಗಿಲಿಗೆ ಬಂದು ಅವರನ್ನು ಒಳಗೇ ಕರೆದಳು. ಗಂಡಸರನ್ನು ಒಳಗೆ ಕರೆದರೆ ಏನರ್ಥ ಎಂದು ಪಡಸಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಕಾ ತಮ್ಮ ಕೈಯಲ್ಲಿದ್ದ ತುದಿಯನ್ನೂ ನನಗೇ ಕೊಟ್ಟರು.

"ಬಿಡಬ್ಯಾಡ ತಮ್ಮಾ, ಹುರಿ ಬಿಚ್ಚತೈತಿ. ಬಂದೆ."

ಬಹಳ ಹೊತ್ತಾಯಿತು... ಎರಡೂ ತುದಿ ಹಿಡಿದು ನಾನು ಅಲ್ಲೇ ನಿಂತಿದ್ದೆ. ಕಾಕಾ ಬಂದರು. ತುದಿಗೆ ಗಂಟು ಹಾಕಿ, ಹಗ್ಗವನ್ನೆಲ್ಲ ಸುತ್ತಿ ನನ್ನ ತೋಳಿಗೆ ಹಾಕಿದರು.

"ನಿನ್ನ ಹೇಣ್ತಿಗೆ ಹೊರಸು ಹೆಣಸು. ಆ ಹುಡಗೀನ ನೆಲದ ಮ್ಯಾಲೆ ಮಲಗಸಬ್ಯಾಡ."

ವರ್ಷಗಳ ಮೇಲೆ ಗಂಗಾವತಿ ಸಂತೆಯಲ್ಲಿ ಮರಳಿ ಊರಿನವರು ಸಿಕ್ಕಾಗ ವಿಚಾರಿಸಿದೆ. ಕಾಕಾ ತೀರಿಕೊಂಡಿದ್ದರು.

ಮೊನ್ನೆ ಅಂಗಳದಲ್ಲಿ ಒಬ್ಬನೇ ತೊಯ್ದ ಹೊರಸಿಗೆ ಹೆಣೆದಿದ್ದ ಆ ಹಗ್ಗ ಬಿಚ್ಚುತ್ತ ಕೂತಿದ್ದೆ. ಎಷ್ಟೋ ಕಡೆ ಹರಿದು ಗಂಟು ಬಿದ್ದ ಹಗ್ಗ. ನನ್ನವಳು ಸೊಂಟ ಹಿಡಿದುಕೊಂಡು ಮೆಲ್ಲಗೆ ಬಂದಳು.

"ಅದು ಒಬ್ಬರ ಕೈಲೆ ಆಗೂ ಕೆಲಸ ಅಲ್ರಿ. ಆ ತುದಿ ಇತ್ತಾಗ ಕೊಡ್ರಿ."

ಕೊಟ್ಟೆ. ಗಟ್ಟಿಯಾಗಿ ಹಿಡಿದು ನಿಂತಳು. ಅವಳನ್ನೇ ನೋಡುತ್ತ ನಾನು ಹಗ್ಗ ಎಳೆಯುವುದನ್ನೇ ಮರೆತೆ. ಮರಳಿಗೆ ಹೋದ ಮೇಲೆ ಕಾಕಾ ಮತ್ತೆ ಹಗ್ಗ ಹೊಸೆಯಲು ಕೂತಾಗ, ತುದಿಯನ್ನು ಯಾರು ಹಿಡಿದಿದ್ದರೋ...